ಪ್ರಿಂಟ್ ತೆಗೆದ ಡ್ರಾಯಿಂಗ್ ಎಲ್ಲಿಗೆ ಹೋಗುತ್ತದೆ?

ಪೀಣ್ಯದ ಒಂದು ಮಧ್ಯಮ ಗಾತ್ರದ ಮಷಿನ್ ಶಾಪ್. ಸಂಜೆ ಶಿಫ್ಟ್ ಬದಲಾಗುವ ಹೊತ್ತು. ಇನ್‌ಸ್ಪೆಕ್ಷನ್ ಟೇಬಲ್ ಮೇಲೆ ನಲವತ್ತು ಅಲ್ಯೂಮಿನಿಯಂ ಬ್ರಾಕೆಟ್‌ಗಳನ್ನು ಸಾಲಾಗಿ ಜೋಡಿಸಿದ್ದರು. ನೋಡೋಕೆ ಒಂದಕ್ಕಿಂತ ಒಂದು ಚೆಂದ. ಫಿನಿಶ್ ಕೈಯಲ್ಲಿ ಸವರಿದರೆ ಬೆಣ್ಣೆ. ಆದರೆ ನಲವತ್ತೂ ರಿಜೆಕ್ಟ್. ಒಂದೇ ಒಂದು ತೂತು, ಇರಬೇಕಾದ ಜಾಗದಿಂದ ಒಂದೂವರೆ ಮಿಲಿಮೀಟರ್ ಆಚೆ ಇತ್ತು.

ಆ ತೂತನ್ನು ಹೊಡೆಯುತ್ತಿದ್ದದ್ದು ಹಳೆಯ ಮಿಲ್ಲಿಂಗ್ ಮಷಿನ್‌ನಲ್ಲಿ. ಅದಕ್ಕೆ ಪ್ರೋಗ್ರಾಂ ಇಲ್ಲ, ಡ್ರಾಯಿಂಗ್ ನೋಡಿಯೇ ಅಳತೆ ಹಾಕಬೇಕು. ಆಪರೇಟರ್‌ಗೆ ಇಪ್ಪತ್ತು ವರ್ಷದ ಅನುಭವ. ಅವರು ತಪ್ಪು ಓದಿದರು ಅಂತ ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ. ಮಷಿನ್ ಹತ್ತಿರ ಹೋಗಿ ನೋಡಿದೆ. ಪಕ್ಕದಲ್ಲಿ ಟೂಲ್ ಇಡುವ ಕಬ್ಬಿಣದ ಬೀರು. ಅದರ ಬಾಗಿಲ ಒಳಬದಿಗೆ ಟೇಪ್ ಹಚ್ಚಿ ಅಂಟಿಸಿದ ಎ3 ಹಾಳೆ. ಅಂಚು ಹಳದಿಯಾಗಿತ್ತು, ಕೂಲಂಟ್ ಸಿಡಿದು ಅಲ್ಲಲ್ಲಿ ಕಲೆ ಬಿದ್ದಿತ್ತು. ಖಾಲಿ ಜಾಗದಲ್ಲೆಲ್ಲ ಪೆನ್ಸಿಲ್ ಬರಹ. ಬಲಗಡೆ ಕೆಳಗಿನ ಮೂಲೆಯ ಚೌಕದಲ್ಲಿ 'ರಿವಿಷನ್ ಬಿ' ಅಂತಿತ್ತು. ಡ್ರಾಯಿಂಗ್ ತಿದ್ದಿದಾಗೆಲ್ಲ ಈ ಅಕ್ಷರ ಮುಂದಕ್ಕೆ ಹೋಗುತ್ತದೆ. ಗ್ರಾಹಕರು ಆಗಲೇ ರಿವಿಷನ್ ಡಿ ಕಳಿಸಿದ್ದರು.

'ಸಾರ್, ಹೊಸಾದ್ ಕೇಳಿದ್ರೆ ಆಫೀಸಿಂದ ಬರೋಕೆ ಅರ್ಧ ದಿನ ಆಗುತ್ತೆ. ಇದು ಕೈಗೇ ಸಿಗುತ್ತಲ್ಲ' ಅಂದರು ಅವರು.

ಮೊದಲ ಪೀಸ್ ಚೆಕ್ ಮಾಡಲಿಲ್ವಾ ಅಂತ ನೀವು ಕೇಳಬಹುದು. ಮಾಡಿದ್ದರು. ಅದೇ ಹಾಳೆ ಇಟ್ಟುಕೊಂಡು ಮಾಡಿದ್ದರು. ಹಳೇ ಡ್ರಾಯಿಂಗ್ ಇಷ್ಟು ಅಪಾಯಕಾರಿ ಆಗುವುದು ಇದಕ್ಕೇ. ಮಾಡುವವರೂ ಪರೀಕ್ಷಿಸುವವರೂ ಒಂದೇ ತಪ್ಪು ಕಾಗದ ನೋಡಿದರೆ ಪ್ರತಿ ಪೀಸೂ ಪಾಸ್ ಆಗುತ್ತದೆ. ತಪ್ಪು ಗೊತ್ತಾಗುವುದು ಕೊನೆಯ ಟೇಬಲ್‌ನಲ್ಲಿ, ಇಲ್ಲವೇ ಗ್ರಾಹಕರ ಜೋಡಣೆ ಸಾಲಿನಲ್ಲಿ.

ಆ ದಿನ ಸರ್ವರ್‌ನಲ್ಲಿ ಎಲ್ಲಾ ಸರಿಯಾಗಿತ್ತು. ಫೋಲ್ಡರ್‌ನಲ್ಲಿ ರಿವಿಷನ್ ಡಿ ಒಂದೇ ಇತ್ತು, ಹಳೆಯವನ್ನು ಬೇರೆ ಕಡೆ ಇಟ್ಟು ಬೀಗ ಹಾಕಿದ್ದರು. ಪಾಸ್‌ವರ್ಡ್, ಬ್ಯಾಕಪ್, ಒಪ್ಪಿಗೆಯ ಸಹಿ, ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಯಾರೋ ಒಂದು ಪ್ರಿಂಟ್ ತೆಗೆದಿದ್ದರು. ಯಾರು, ಎಷ್ಟು ಪ್ರತಿ, ಯಾರಿಗೆ ಕೊಟ್ಟರು ಅನ್ನುವುದು ಎಲ್ಲೂ ಬರೆದಿರಲಿಲ್ಲ. ಫೈಲನ್ನು ವಾಪಸ್ ಪಡೆಯಬಹುದು, ಅಳಿಸಬಹುದು. ಕಾಗದ ಹಾಗಲ್ಲ. ಒಮ್ಮೆ ಟ್ರೇಯಿಂದ ಹೊರಬಂದ ಮೇಲೆ ಅದರ ಜಾಡು ಹಿಡಿಯುವುದು ಲೆಕ್ಕದ ಪುಸ್ತಕ ಮಾತ್ರ. ಆ ಪುಸ್ತಕ ಇವತ್ತು ಬಹಳ ಕಡೆ ಇಲ್ಲ.

ಹಿಂದೆ ಇತ್ತು.

ಬ್ಲೂಪ್ರಿಂಟ್ ಅನ್ನುವ ಹೆಸರೇ ಹಳೆಯ ಪ್ರತಿ ತೆಗೆಯುವ ವಿಧಾನದಿಂದ ಬಂದದ್ದು. 1842ರಲ್ಲಿ ಇಂಗ್ಲೆಂಡಿನ ಜಾನ್ ಹರ್ಷೆಲ್ ಕಂಡುಹಿಡಿದ ರಾಸಾಯನಿಕ ವಿಧಾನ ಅದು. ನೀಲಿ ಹಾಳೆಯ ಮೇಲೆ ಬಿಳಿ ಗೆರೆ ಮೂಡುತ್ತಿತ್ತು. ಆಮೇಲೆ ಅಮೋನಿಯಾ ಪ್ರಿಂಟ್ ಬಂತು. ಇಲ್ಲಿ ಗೆರೆ ನೀಲಿ, ಹಾಳೆ ಬಿಳಿ. ಮೂಗು ಉರಿಸುವ ಅದರ ವಾಸನೆ ಹಳೇ ಕಾರ್ಖಾನೆಯವರಿಗೆ ಇವತ್ತಿಗೂ ನೆನಪಿರುತ್ತದೆ. ಮೂಲ ಚಿತ್ರವನ್ನು ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ ಬರೆದು ಒಂದು ಕಡೆ ಭದ್ರವಾಗಿ ಇಡುತ್ತಿದ್ದರು. ಪ್ರತಿ ತೆಗೆಯುವ ಮಷಿನ್ ಇದ್ದದ್ದು ಡ್ರಾಯಿಂಗ್ ಸ್ಟೋರ್ಸ್‌ನಲ್ಲಿ ಮಾತ್ರ. ಕಿಟಕಿಯ ಆಚೆ ಒಬ್ಬರು ಕೂತಿರುತ್ತಿದ್ದರು. ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಪ್ರಿಂಟ್ ಕೊಡುತ್ತಿದ್ದರು. ಹೊಸದು ಬೇಕಾದರೆ ಹಳೆಯದನ್ನು ತಂದು ಕೊಡಬೇಕಿತ್ತು.

ಆ ಶಿಸ್ತು ಯಾರ ಜಾಣತನದಿಂದಲೂ ಬಂದದ್ದಲ್ಲ ಅಂತ ನನಗೆ ಅನಿಸುತ್ತದೆ. ಪ್ರತಿ ತೆಗೆಯುವುದು ಕಷ್ಟದ ಕೆಲಸವಾಗಿತ್ತು, ಅದಕ್ಕೇ ಲೆಕ್ಕ ಉಳಿಯಿತು. ಮೊದಲು ಜೆರಾಕ್ಸ್ ಬಂತು, ಆಮೇಲೆ ಪ್ರತಿ ಟೇಬಲ್ಲಿಗೂ ಲೇಸರ್ ಪ್ರಿಂಟರ್ ಬಂತು. ಕಿಟಕಿ ಮುಚ್ಚಿತು. ಕಿಟಕಿಯ ಆಚೆ ಕೂತಿದ್ದವರು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸಲಿಲ್ಲ.

ಈಗಿನ ಮಾನದಂಡಗಳು ಏನು ಕೇಳುತ್ತವೆ ಅಂತ ನೋಡೋಣ. ಗುಣಮಟ್ಟ ನಿರ್ವಹಣೆಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ 7.5.3 ಅನ್ನುವ ಭಾಗ ಇದೆ. ಬೇಕಾದ ದಾಖಲೆ, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಸಿಗಬೇಕು. ಅದರ ಗುಟ್ಟು ಹೊರಗೆ ಹೋಗಬಾರದು, ಅದನ್ನು ಯಾರೂ ತಿದ್ದಬಾರದು. ಹಂಚಿಕೆ, ಬದಲಾವಣೆ, ಎಷ್ಟು ಕಾಲ ಇಡಬೇಕು, ಕೊನೆಗೆ ಏನು ಮಾಡಬೇಕು, ಎಲ್ಲಕ್ಕೂ ನಿಯಂತ್ರಣ ಇರಬೇಕು. ವಿಮಾನ ಉದ್ಯಮದ ಎಎಸ್ 9100ರ ಡಿ ಆವೃತ್ತಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹಳತಾದ ದಾಖಲೆ ಗೊತ್ತಿಲ್ಲದೆ ಬಳಕೆಯಾಗದ ಹಾಗೆ ತೆಗೆದುಹಾಕಬೇಕು, ಯಾವುದೋ ಕಾರಣಕ್ಕೆ ಇಟ್ಟುಕೊಂಡರೆ ಹಳತು ಅಂತ ಗುರುತು ಹಾಕಬೇಕು ಅಂತ ಬಿಡಿಸಿ ಹೇಳುತ್ತದೆ. ವಾಹನ ಉದ್ಯಮದ ಐಎಟಿಎಫ್ 16949 ಪ್ರಕಾರ, ಗ್ರಾಹಕರಿಂದ ವಿನ್ಯಾಸದ ಬದಲಾವಣೆ ಬಂದರೆ ಅದರ ಪರಿಶೀಲನೆ 10 ಕೆಲಸದ ದಿನದೊಳಗೆ ಮುಗಿಯಬೇಕು. ಬದಲಾವಣೆ ಉತ್ಪಾದನೆಯಲ್ಲಿ ಜಾರಿಗೆ ಬಂದ ದಿನಾಂಕವೂ ಬರಹದಲ್ಲಿ ಇರಬೇಕು.

ಇದೆಲ್ಲ ಸರಿ. ಆದರೆ ಈ ನಿಯಮಕ್ಕೆ ನಮ್ಮ ಕಾರ್ಖಾನೆಗಳು ಕೊಟ್ಟ ಉತ್ತರ ಏನು? ಪ್ರತಿ ಹಾಳೆಯ ಕೆಳಗೆ ಒಂದು ಸಾಲು: 'ಪ್ರಿಂಟ್ ತೆಗೆದರೆ ಇದು ನಿಯಂತ್ರಿತ ಪ್ರತಿ ಅಲ್ಲ'. ಅಂದರೆ, ಈ ಹಾಳೆ ಹಳತಾಗಿದ್ದರೆ ನಾವು ಹೊಣೆಯಲ್ಲ ಅಂತ. ಈ ಸಾಲು ಇದ್ದರೆ ಆಡಿಟ್‌ನಲ್ಲಿ ಪ್ರಶ್ನೆ ಸುಲಭವಾಗಿ ಮುಗಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಇದು ಜವಾಬ್ದಾರಿ ತಪ್ಪಿಸಿಕೊಳ್ಳುವ ದಾರಿ. ಮಷಿನ್ ಮುಂದೆ ನಿಂತವರ ಹತ್ತಿರ ಕಂಪ್ಯೂಟರ್ ಇಲ್ಲ, ಅವರಿಗೆ ಇರುವುದು ಆ ಹಾಳೆ ಒಂದೇ. ಅದನ್ನು ನಂಬಬೇಡಿ ಅಂತ ಅದೇ ಹಾಳೆಯ ಮೇಲೆ ಬರೆದರೆ ಅವರು ಏನು ಮಾಡಬೇಕು? ನಾಳೆ ಪೀಸ್ ಕೆಟ್ಟರೆ ತಪ್ಪು ಅವರ ತಲೆಗೆ ಬರುತ್ತದೆ, ಅಷ್ಟೇ.

ಅರ್ಧ ದಿನ ಆಗುತ್ತೆ ಅಂದರಲ್ಲ, ಇಡೀ ವಿಷಯದ ಬೇರು ಅಲ್ಲಿದೆ. ಜನ ಹಳೇ ಪ್ರಿಂಟ್ ಬಚ್ಚಿಡುವುದು ಹಟಕ್ಕಲ್ಲ. ಸರಿಯಾದ ಪ್ರಿಂಟ್ ಪಡೆಯುವುದಕ್ಕಿಂತ ಹಳೆಯದನ್ನು ಇಟ್ಟುಕೊಳ್ಳುವುದು ಸುಲಭ, ಅದಕ್ಕೆ. ರಾತ್ರಿ ಶಿಫ್ಟ್‌ನಲ್ಲಿ ಆಫೀಸಿಗೆ ಬೀಗ. ಭಾನುವಾರ ಓವರ್‌ಟೈಮ್ ಕೆಲಸಕ್ಕೆ ಬಂದರೆ ಕೇಳಲು ಯಾರೂ ಇಲ್ಲ. ಅನುಭವಸ್ಥ ಆಪರೇಟರ್ ಇದನ್ನೆಲ್ಲ ಯೋಚಿಸಿಯೇ ಒಂದು ಪ್ರತಿ ಜಾಸ್ತಿ ತೆಗೆಸಿ ಇಟ್ಟುಕೊಳ್ಳುತ್ತಾರೆ. ಅಂಥ ಜಾಗದಲ್ಲಿ ಬೀರು ತಪಾಸಣೆ ಮಾಡಿ, ದಂಡ ಹಾಕಿ, ನೋಟಿಸ್ ಅಂಟಿಸಿದರೆ ಪ್ರಿಂಟ್ ಬೀರುವಿನಿಂದ ಊಟದ ಬ್ಯಾಗಿಗೆ ಹೋಗುತ್ತದೆ. ಬೀರುವಿನಲ್ಲಿದ್ದಾಗ ಕಣ್ಣಿಗಾದರೂ ಬೀಳುತ್ತಿತ್ತು.

ಸಣ್ಣ ಶಾಪ್‌ಗಳಲ್ಲಿ ನಾನು ಕಂಡಂತೆ ನಿಜವಾಗಿ ನಡೆಯುವ ವ್ಯವಸ್ಥೆ ಒಂದೇ. ಮಷಿನ್ ಹತ್ತಿರ ಕಾಯಂ ಪ್ರಿಂಟ್ ಯಾವುದೂ ಇರಬಾರದು. ಪ್ರತಿ ಲಾಟ್‌ನ (ಒಟ್ಟಿಗೆ ಮಾಡುವ ಪೀಸ್‌ಗಳ ಗುಂಪಿನ) ಜೊತೆ ಏನು ಕೆಲಸ ಅಂತ ಬರೆದ ಜಾಬ್ ಕಾರ್ಡ್ ಹೋಗುತ್ತದಲ್ಲ, ಪ್ರಿಂಟೂ ಅದರ ಜೊತೆಗೇ ಹೋಗಬೇಕು. ಅದೇ ಪ್ಲಾಸ್ಟಿಕ್ ಕವರ್‌ನಲ್ಲಿ, ಅದೇ ಟ್ರಾಲಿಯಲ್ಲಿ. ಹಾಳೆಯ ಮೇಲೆ ಲಾಟ್ ನಂಬರ್, ಪ್ರತಿ ನಂಬರ್, ತೆಗೆದ ದಿನಾಂಕ, ತೆಗೆದವರ ಹೆಸರು ತಾನಾಗಿ ಅಚ್ಚಾಗಬೇಕು. ಕೊನೆಯ ಪೀಸ್ ಇನ್‌ಸ್ಪೆಕ್ಷನ್‌ಗೆ ಬರುವಾಗ ಪ್ರಿಂಟ್ ಕೂಡ ಬರಬೇಕು. ಮೂರು ಕೊಟ್ಟಿದ್ದರೆ ಮೂರು ಬರಬೇಕು. ಎರಡೇ ಬಂದರೆ ಲಾಟ್ ಮುಚ್ಚಬಾರದು. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಂದು ರಿಜಿಸ್ಟರ್ ಸಾಕು. ಹಳೇ ಡ್ರಾಯಿಂಗ್ ಸ್ಟೋರ್ಸ್‌ನ ಕಿಟಕಿಯನ್ನೇ ಟ್ರಾಲಿ ಮೇಲೆ ಕೂರಿಸಿದ ಹಾಗೆ.

ಇದರ ಜೊತೆ ಇನ್ನೊಂದು ಆಗಲೇಬೇಕು. ರಾತ್ರಿ ಶಿಫ್ಟ್‌ನಲ್ಲೂ ಪ್ರಿಂಟ್ ಕೊಡುವ ಅಧಿಕಾರ ಒಬ್ಬರಿಗೆ ಇರಬೇಕು. ಐದು ನಿಮಿಷದಲ್ಲಿ ಹೊಸ ಪ್ರಿಂಟ್ ಸಿಗುತ್ತದೆ ಅಂತ ಗೊತ್ತಾದರೆ ಯಾರೂ ಹಳೆಯದನ್ನು ಅಂಟಿಸಿಕೊಳ್ಳುವುದಿಲ್ಲ.

ಈಗ ಜೆರಾಕ್ಸ್ ವಿಷಯ. ಪ್ರತಿಯ ಪ್ರತಿ ತೆಗೆದರೆ ದಶಾಂಶದ ಚುಕ್ಕಿ ಮಾಯವಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. 0.02 ಅನ್ನುವ ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಮೂರನೇ ಜೆರಾಕ್ಸ್‌ನಲ್ಲಿ 002 ಆಗಿ ಕಾಣುತ್ತದೆ. ಆದರೆ ಅಂಕಿಯೇ ಬದಲಾದರೆ? 2013ರ ಆಗಸ್ಟ್‌ನಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಇಂಥದ್ದೊಂದನ್ನು ಬಯಲಿಗೆ ತಂದರು. ಒಂದು ಕಟ್ಟಡದ ನಕ್ಷೆಯನ್ನು ಜೆರಾಕ್ಸ್ ಕಂಪನಿಯ ಮಷಿನ್‌ನಲ್ಲಿ ಸ್ಕ್ಯಾನ್ ಮಾಡಿದ್ದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11, 17.42 ಚದರ ಮೀಟರ್ ಅಂತ ಇತ್ತು. ಹೊರಬಂದ ಪ್ರತಿಯಲ್ಲಿ ಮೂರಕ್ಕೂ 14.13. ಅಕ್ಷರ ಮಸುಕಾಗಿರಲಿಲ್ಲ, ಅಂಕಿ ಸ್ಪಷ್ಟವಾಗಿ, ಅಚ್ಚುಕಟ್ಟಾಗಿ ಮೂಡಿತ್ತು. ಕಾರಣ ಏನು ಅಂದರೆ, ಫೈಲ್ ಚಿಕ್ಕದಾಗಲಿ ಅಂತ ಆ ಮಷಿನ್ ಚಿತ್ರವನ್ನು ಸಣ್ಣ ತುಂಡುಗಳಾಗಿ ನೋಡುತ್ತಿತ್ತು. ಹೆಚ್ಚುಕಡಿಮೆ ಒಂದೇ ಥರ ಕಂಡ ತುಂಡುಗಳ ಜಾಗದಲ್ಲಿ ಒಂದನ್ನೇ ಮತ್ತೆ ಮತ್ತೆ ಹಾಕುತ್ತಿತ್ತು. ಕಂಪನಿ ಆಮೇಲೆ ಸಾಫ್ಟ್‌ವೇರ್ ಸರಿಪಡಿಸಿತು. ಸ್ಕ್ಯಾನ್ ಮಾಡಿದ ಹಾಳೆಯಿಂದ ಮತ್ತೆ ಪ್ರಿಂಟ್ ತೆಗೆಯುವಾಗೆಲ್ಲ ನನಗೆ ಆ ಮೂರು ಕೋಣೆ ನೆನಪಾಗುತ್ತವೆ. ಪ್ರಿಂಟ್ ತೆಗೆದರೆ ಮೂಲ ಫೈಲಿನಿಂದಲೇ ತೆಗೆಯಬೇಕು.

ಅದೂ ಪೂರ್ತಿ ಅಳತೆಯಲ್ಲಿ. ಎ1 ಡ್ರಾಯಿಂಗನ್ನು ಎ4ಗೆ ಕುಗ್ಗಿಸಿ ತೆಗೆದರೆ ಅಂಕಿ ಓದುವುದೇ ಕಷ್ಟ. ಆದರೆ ಎ1 ಪ್ಲಾಟರ್ ಸಣ್ಣ ಶಾಪ್‌ಗಳಲ್ಲಿ ಎಲ್ಲಿರುತ್ತದೆ? ಹೊರಗಿನ ಜೆರಾಕ್ಸ್ ಅಂಗಡಿಗೆ ಹೋಗಬೇಕು. ಒಮ್ಮೆ ನಾನೇ ಪೆನ್‌ಡ್ರೈವ್ ಹಿಡಿದು ಹೋಗಿದ್ದೆ. ಅಂಗಡಿಯ ಹುಡುಗ ಫೈಲನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ಪ್ರಿಂಟ್ ಕೊಟ್ಟ. ಆ ಡೆಸ್ಕ್‌ಟಾಪ್ ತುಂಬಾ ಫೈಲ್‌ಗಳು. ಕಾಲೇಜು ಪ್ರಾಜೆಕ್ಟ್, ಮದುವೆ ಪತ್ರಿಕೆ, ಮನೆ ಪ್ಲಾನ್. ನಡುವೆ ಸುತ್ತಮುತ್ತಲಿನ ಶಾಪ್‌ಗಳ ಡ್ರಾಯಿಂಗ್‌ಗಳೂ ಇದ್ದವು, ಕೆಲವಕ್ಕೆ ಗ್ರಾಹಕರ ಹೆಸರೇ ಫೈಲ್ ಹೆಸರು. ನನ್ನದನ್ನು ಅಳಿಸಪ್ಪಾ ಅಂದೆ. ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡು ಅಂದೆ. 'ಅದರಲ್ಲಿ ಬೇರೆಯವ್ರದೂ ಇದೆ ಸಾರ್, ವಾಪಸ್ ಬೇಕು ಅಂತಾರೆ' ಅಂದ. ಅವನದೇನೂ ತಪ್ಪಿಲ್ಲ. ಗುಟ್ಟಿನ ಕಾಗದವನ್ನು ಅವನ ಹತ್ತಿರ ತೆಗೆದುಕೊಂಡು ಹೋದವರು ನಾವು. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್‌ನವರಿಗೆ ಡ್ರಾಯಿಂಗ್‌ನ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುವುದೂ ಇದೇ ಸಾಲಿಗೆ ಸೇರುತ್ತದೆ. ಪ್ಲೇಟಿಂಗ್ ಮಾಡುವವರಿಗೆ ಬೇಕಾದದ್ದು ಮೇಲ್ಮೈ ಮತ್ತು ಲೇಪದ ದಪ್ಪ. ಪೂರ್ತಿ ಡ್ರಾಯಿಂಗ್ ಅವರಿಗೆ ಯಾಕೆ?

ಇಲ್ಲಿ ಒಂದು ಮಾತು ಮರೆಯಬಾರದು. ಜಾಬ್‌ವರ್ಕ್ ಮಾಡುವ ಶಾಪ್‌ಗೆ ಡ್ರಾಯಿಂಗ್ ಸ್ವಂತದ್ದಲ್ಲ, ಗ್ರಾಹಕರದ್ದು. ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು ಅಥವಾ ನಾಶ ಮಾಡಬೇಕು ಅಂತ ಒಪ್ಪಂದದಲ್ಲಿ ಬರೆದಿರುತ್ತದೆ. ನಾವು ಸಹಿ ಹಾಕಿರುತ್ತೇವೆ. ರಕ್ಷಣಾ ಕ್ಷೇತ್ರದ ಭಾಗವಾದರೆ ಇನ್ನೂ ಬಿಗಿ. ರಕ್ಷಣಾ ಸಾಮಗ್ರಿಯ ರಫ್ತಿಗೆ ಅಮೆರಿಕ ಮಾಡಿರುವ ಐಟಾರ್ ನಿಯಮದಲ್ಲಿ ವಸ್ತುವಿನಷ್ಟೇ ಅದರ ತಾಂತ್ರಿಕ ಮಾಹಿತಿಗೂ ಲೈಸೆನ್ಸ್ ಬೇಕು. ನಮ್ಮಲ್ಲಿ ರಫ್ತಿಗೆ ಅನುಮತಿ ಬೇಕಾದವುಗಳ ಸ್ಕೋಮೆಟ್ ಪಟ್ಟಿ ಇದೆ, ಅದರಲ್ಲಿ ತಂತ್ರಜ್ಞಾನವೂ ಸೇರುತ್ತದೆ. ಆದರೆ ವ್ಯಾಪಾರದ ಗುಟ್ಟನ್ನು ಕಾಪಾಡಲು ಭಾರತದಲ್ಲಿ ಪ್ರತ್ಯೇಕ ಕಾನೂನು ಇಲ್ಲ. ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ಕೊಟ್ಟ ತನ್ನ 289ನೇ ವರದಿಯಲ್ಲಿ ಅಂಥ ಕಾನೂನು ಬೇಕು ಅಂತ ಶಿಫಾರಸು ಮಾಡಿದೆ. ಅಲ್ಲಿಯವರೆಗೆ ಎಲ್ಲಾ ನಿಂತಿರುವುದು ಒಪ್ಪಂದದ ಮೇಲೆ. ಹಾಗಾಗಿ ಕೆಟ್ಟ ಹೆಸರು ಬಂದರೆ ಮೊದಲು ಹೋಗುವುದು ಆರ್ಡರ್.

ಇನ್ನು ವಿಲೇವಾರಿ. ನಾನು ಚಿಕ್ಕವನಿದ್ದಾಗ ನಮ್ಮ ಪಕ್ಕದ ಮನೆಯವರು ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಜೂನ್ ತಿಂಗಳಲ್ಲಿ ಅವರು ಒಂದು ಸುರುಳಿ ಕಾಗದ ತಂದು ಕೊಡುತ್ತಿದ್ದರು. ದಪ್ಪ, ಗಟ್ಟಿ ಕಾಗದ. ಹೊಸ ಪುಸ್ತಕಗಳಿಗೆಲ್ಲ ಅದರದ್ದೇ ಬೈಂಡು. ನನ್ನ ವಿಜ್ಞಾನದ ನೋಟ್‌ಬುಕ್ಕಿನ ಮೇಲೆ ಇಡೀ ವರ್ಷ ಯಾವುದೋ ಗೇರಿನ ಅರ್ಧ ಚಿತ್ರ ಇತ್ತು. ತಿಳಿನೀಲಿ ಗೆರೆ, ಬಾಣದ ಗುರುತು, ಅಂಕಿಗಳು. ಪಾಠ ಕೇಳುತ್ತಾ ಆ ಅಂಕಿಗಳ ಮೇಲೆ ಬೆರಳಾಡಿಸುತ್ತಿದ್ದೆ. ಡ್ರಾಯಿಂಗ್ ಮೇಲಿನ ಪ್ರೀತಿ ನನಗೆ ಹತ್ತಿದ್ದು ಅಲ್ಲಿಂದಲೇ ಇರಬೇಕು. ಒಂದು ಬದಿ ಖಾಲಿ ಇರುವ ಹಾಳೆ ಬಿಸಾಡಬಾರದು ಅನ್ನುವುದು ನಮ್ಮ ಮನೆಗಳ ಪಾಠ, ಒಳ್ಳೆಯ ಪಾಠ. ಕಾರ್ಖಾನೆಯ ಕಾಗದದ ಮಟ್ಟಿಗೆ ಮಾತ್ರ ಅದು ತೊಂದರೆ ತರುತ್ತದೆ. ಇವತ್ತಿಗೂ ಎಷ್ಟೋ ಆಫೀಸುಗಳಲ್ಲಿ ಹಳೇ ಡ್ರಾಯಿಂಗ್‌ಗಳ ಹಿಂಬದಿ ರಫ್ ಪೇಪರ್ ಆಗುತ್ತದೆ. ಉಳಿದದ್ದು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ. ಗುಜರಿಯಿಂದ ಮುಂದೆ ಎಲ್ಲಿಗೆ ಅನ್ನುವುದು ಯಾರ ಕೈಯಲ್ಲೂ ಇಲ್ಲ.

ಒಬ್ಬ ವ್ಯಕ್ತಿ ಎಷ್ಟು ಕಾಗದ ಮನೆಗೆ ಒಯ್ಯಬಹುದು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಾಂಗ್‌ಫಾನ್ ಚುಂಗ್ ಅನ್ನುವ ಎಂಜಿನಿಯರ್ ಇದ್ದ. ಮೊದಲು ರಾಕ್‌ವೆಲ್, ಆಮೇಲೆ ಬೋಯಿಂಗ್‌ನಲ್ಲಿ ಕೆಲಸ ಮಾಡಿದವನು. 2006ರಲ್ಲಿ ಎಫ್‌ಬಿಐ ಅವನ ಮನೆ ಶೋಧಿಸಿದಾಗ ಸಿಕ್ಕಿದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು ಪುಟ. ಸ್ಪೇಸ್ ಷಟಲ್, ಡೆಲ್ಟಾ 4 ರಾಕೆಟ್, ಸೇನಾ ವಿಮಾನಗಳಿಗೆ ಸೇರಿದ ದಾಖಲೆಗಳು. ಅದಕ್ಕೂ ಮೊದಲು ಅವನ ಮನೆಯ ಕಸ ಹುಡುಕಿದಾಗ ಚೀನೀ ಪತ್ರಿಕೆಗಳ ಪುಟಗಳ ನಡುವೆ ಅಡಗಿಸಿದ್ದ ಕಂಪನಿಯ ತಾಂತ್ರಿಕ ಹಾಳೆಗಳು ಸಿಕ್ಕಿದ್ದವು. 2009ರಲ್ಲಿ ಆರ್ಥಿಕ ಬೇಹುಗಾರಿಕೆಯ ಅಪರಾಧ ಸಾಬೀತಾಯಿತು. 2010ರಲ್ಲಿ 15 ವರ್ಷಕ್ಕೂ ಹೆಚ್ಚಿನ ಶಿಕ್ಷೆ ಆಯಿತು. ಎರಡೂವರೆ ಲಕ್ಷ ಪುಟ ಒಂದೇ ದಿನ ಗೇಟು ದಾಟುವುದಿಲ್ಲ. ವರ್ಷಗಟ್ಟಲೆ ದಾಟಿರಬೇಕು. ಹೊರಗೆ ಹೋದ ಹಾಳೆಗಳ ಲೆಕ್ಕ ಇದ್ದಿದ್ದರೆ ಬಹಳ ಮೊದಲೇ ಯಾರಾದರೂ ಕೇಳುತ್ತಿದ್ದರು ಅಂತ ನಾನು ನಂಬುತ್ತೇನೆ.

ಹರಿದು ಬಿಸಾಡಿದರೆ ಸಾಕಲ್ವಾ? ಸಾಲದು. 1979ರಲ್ಲಿ ಟೆಹರಾನ್‌ನ ಅಮೆರಿಕ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡಾಗ ಅಲ್ಲಿನ ಸಿಬ್ಬಂದಿ ಗುಟ್ಟಿನ ಕಾಗದಗಳನ್ನು ಮಷಿನ್‌ಗೆ ಹಾಕಿ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದ್ದರು. ಇರಾನಿನವರು ಆ ಪಟ್ಟಿಗಳನ್ನು ಒಂದೊಂದಾಗಿ ಜೋಡಿಸಿ, ಓದಿ, ಪುಸ್ತಕಗಳಾಗಿ ಅಚ್ಚು ಹಾಕಿದರು. ಉದ್ದಕ್ಕೆ ಸೀಳುವ ಮಷಿನ್ ಕಾಗದವನ್ನು ನಾಶ ಮಾಡುವುದಿಲ್ಲ, ಜೋಡಿಸುವ ಕೆಲಸ ಕೊಡುತ್ತದೆ, ಅಷ್ಟೇ.

ಕತ್ತರಿಸಿದ ಚೂರು ಎಷ್ಟು ಚಿಕ್ಕದಿರಬೇಕು ಅನ್ನುವುದಕ್ಕೆ ಜರ್ಮನಿಯ ಡಿನ್ 66399 ಅನ್ನುವ ಮಾನದಂಡ ಇದೆ. ಕಾಗದಕ್ಕೆ ಪಿ-1ರಿಂದ ಪಿ-7ರವರೆಗೆ ಏಳು ದರ್ಜೆ. ಪಿ-2 ದರ್ಜೆಯಲ್ಲಿ 6 ಮಿ.ಮೀ. ಅಗಲದ ಪಟ್ಟಿ ನಡೆಯುತ್ತದೆ. ಮಾಮೂಲಿ ಪತ್ರಕ್ಕೆ ಅದು ಸಾಕಾಗಬಹುದು. ಡ್ರಾಯಿಂಗ್‌ಗೆ ಸಾಲದು, ಅದಕ್ಕೆ ಒಂದು ಕಾರಣ ಇದೆ. ಡ್ರಾಯಿಂಗ್‌ನಲ್ಲಿ ಅಳತೆಯ ಅಂಕಿಗಳ ಎತ್ತರ ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಮಿ.ಮೀ. ಕಾಗದ ಅಡ್ಡಲಾಗಿ ಒಳಗೆ ಹೋದರೆ ಒಂದು ಪಟ್ಟಿಯೊಳಗೆ ಇಡೀ ಅಳತೆ, ಟಾಲರೆನ್ಸ್ ಸಮೇತ, ಒಂದು ಅಂಕಿಯೂ ಮುರಿಯದೆ ಉಳಿಯಬಹುದು. ಪಿ-4ರಲ್ಲಿ ಒಂದು ಚೂರು 160 ಚದರ ಮಿ.ಮೀ. ಮೀರಬಾರದು. ಅಂದರೆ ಒಂದು ಎ4 ಹಾಳೆ ಸುಮಾರು 400 ಚೂರು. ಪಿ-5ರಲ್ಲಿ 30 ಚದರ ಮಿ.ಮೀ., ಅಲ್ಲಿ 2000ಕ್ಕೂ ಜಾಸ್ತಿ. ಸಾಮಾನ್ಯ ಡ್ರಾಯಿಂಗ್‌ಗೆ ಪಿ-4, ಗುಟ್ಟಿನದ್ದಕ್ಕೆ ಪಿ-5 ಅನ್ನುವುದು ನನ್ನ ಲೆಕ್ಕ. ಷ್ರೆಡರ್ ಕೊಳ್ಳುವಾಗ ಡಬ್ಬದ ಮೇಲೆ ಈ ದರ್ಜೆ ನೋಡಿ. ಉದ್ದಕ್ಕೂ ಅಡ್ಡಕ್ಕೂ ಕತ್ತರಿಸುವ ಮಷಿನ್ ಆಗಿರಲೇಬೇಕು.

ಹಿತ್ತಿಲಲ್ಲಿ ಬೆಂಕಿ ಹಾಕುವುದು ಹಳೇ ಅಭ್ಯಾಸ. ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ನಿಷೇಧಿಸಿದೆ. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿ ಸುಟ್ಟರೆ 25,000 ರೂಪಾಯಿ ದಂಡ. ಅದಿರಲಿ, ಕಾಗದದ ಕಟ್ಟು ಒಳಗಿನವರೆಗೆ ಸುಡುವುದೂ ಇಲ್ಲ. ಅಂಚು ಕಪ್ಪಾಗಿ ನಡುಭಾಗ ಹಾಗೇ ಉಳಿಯುತ್ತದೆ. ಎಣ್ಣೆ ಹಿಡಿದ ಪ್ರಿಂಟ್‌ಗಳನ್ನು ಒಳ್ಳೆಯ ಕಾಗದದ ಜೊತೆ ಹಾಕಬೇಡಿ. ಅವನ್ನು ಕತ್ತರಿಸಿ, ಎಣ್ಣೆ ಒರೆಸಿದ ಕಾಟನ್ ವೇಸ್ಟ್ ಹೋಗುವ ಕಡೆ ಕಳಿಸಬೇಕು.

ಬಾಡಿಗೆ ಜೆರಾಕ್ಸ್ ಮಷಿನ್ ಇದ್ದರೆ ಅದರೊಳಗಿನ ಹಾರ್ಡ್ ಡಿಸ್ಕ್ ಮರೆಯಬೇಡಿ. ಬಹಳಷ್ಟು ದೊಡ್ಡ ಮಷಿನ್‌ಗಳಲ್ಲಿ ಡಿಸ್ಕ್ ಇರುತ್ತದೆ, ತೆಗೆದ ಪ್ರತಿಗಳ ಚಿತ್ರ ಅದರಲ್ಲಿ ಉಳಿಯಬಹುದು. ನ್ಯೂಯಾರ್ಕಿನ ಒಂದು ಆರೋಗ್ಯ ವಿಮಾ ಸಂಸ್ಥೆ ಬಾಡಿಗೆ ಮಷಿನ್‌ಗಳನ್ನು ಡಿಸ್ಕ್ ಅಳಿಸದೆ ವಾಪಸ್ ಕೊಟ್ಟಿತ್ತು. ಅವುಗಳಲ್ಲಿ ಒಂದನ್ನು ಟಿವಿ ಸುದ್ದಿಯವರು ಕೊಂಡರು. ಒಳಗೆ ರೋಗಿಗಳ ವಿವರ ಸಿಕ್ಕಿತು. 2013ರಲ್ಲಿ ಆ ಸಂಸ್ಥೆ 12 ಲಕ್ಷ ಡಾಲರ್‌ಗೂ ಜಾಸ್ತಿ ಕಟ್ಟಬೇಕಾಯಿತು. ನಮ್ಮ ಮಷಿನ್‌ನಲ್ಲಿರುವುದು ರೋಗಿಗಳ ವಿವರ ಅಲ್ಲ, ಗ್ರಾಹಕರ ಡ್ರಾಯಿಂಗ್‌ಗಳು. ಬಾಡಿಗೆ ಒಪ್ಪಂದದಲ್ಲೇ 'ಡಿಸ್ಕ್ ಅಳಿಸಿ ವಾಪಸ್' ಅಂತ ಒಂದು ಸಾಲು ಸೇರಿಸಿದರೆ ಆಯಿತು.

ಇಷ್ಟೆಲ್ಲ ಓದಿ ಎಲ್ಲವನ್ನೂ ಷ್ರೆಡರ್‌ಗೆ ಹಾಕಲು ಹೊರಡಬೇಡಿ. ಕಾರ್ಖಾನೆಯ ಕಾಗದದಲ್ಲಿ ಎರಡು ಜಾತಿ. ಒಂದು, ಹೀಗೆ ಮಾಡು ಅಂತ ಹೇಳುವುದು. ಡ್ರಾಯಿಂಗ್, ಪ್ರೋಸೆಸ್ ಶೀಟ್ ಇತ್ಯಾದಿ. ಇನ್ನೊಂದು, ಹೀಗೆ ಮಾಡಿದೆವು ಅಂತ ಸಾಕ್ಷಿ ಹೇಳುವುದು. ಇನ್‌ಸ್ಪೆಕ್ಷನ್ ರಿಪೋರ್ಟ್, ಟೆಸ್ಟ್ ಸರ್ಟಿಫಿಕೇಟ್, ಲಾಗ್ ಪುಸ್ತಕ. ಮೊದಲನೆಯದರ ಹಳೇ ಪ್ರತಿ ಉಳಿಸಿಕೊಂಡರೆ ತಪ್ಪು. ಎರಡನೆಯದನ್ನು ಅವಧಿಗೆ ಮೊದಲು ನಾಶ ಮಾಡಿದರೆ ಅದಕ್ಕಿಂತ ದೊಡ್ಡ ತಪ್ಪು. ಐಎಟಿಎಫ್ 16949 ಪ್ರಕಾರ ಭಾಗದ ಅನುಮೋದನೆ, ಟೂಲಿಂಗ್ ಮುಂತಾದ ದಾಖಲೆಗಳನ್ನು ಆ ಭಾಗದ ಉತ್ಪಾದನೆ ಮತ್ತು ಸರ್ವಿಸ್ ನಡೆಯುವಷ್ಟು ಕಾಲ, ಅದರ ಮೇಲೆ ಇನ್ನೂ ಒಂದು ಕ್ಯಾಲೆಂಡರ್ ವರ್ಷ ಇಡಬೇಕು.

2022ರ ಕೊನೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ತಪಾಸಕರು ಗುಜರಾತಿನ ಒಂದು ಔಷಧ ಕಾರ್ಖಾನೆಗೆ ಬಂದಿದ್ದರು. ಹೊರಗೆ ನಿಂತ ಲಾರಿಯಲ್ಲಿ ಹರಿದ, ಕತ್ತರಿಸಿದ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲಗಳು ಕಂಡವು. ಗುಣಮಟ್ಟದ ದಾಖಲೆಗಳು. ಒಬ್ಬ ಸಿಬ್ಬಂದಿ ಕಸದ ಬುಟ್ಟಿಯಲ್ಲಿದ್ದ ಹರಿದ ಕಾಗದದ ಮೇಲೆ ಆಸಿಡ್ ಸುರಿದಿದ್ದ ಅಂತ ತಪಾಸಕರು ವರದಿಯಲ್ಲಿ ಬರೆದರು. ಆ ಕಾರ್ಖಾನೆ ಉತ್ಪಾದನೆ ನಿಲ್ಲಿಸಿತು. ಅಲ್ಲಿ ತಯಾರಾಗುತ್ತಿದ್ದ ಔಷಧಗಳಲ್ಲಿ ಕ್ಯಾನ್ಸರ್‌ಗೆ ಕೊಡುವ ಸಿಸ್‌ಪ್ಲಾಟಿನ್ ಒಂದು. 2023ರಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಅದರ ಕೊರತೆ ಬಿತ್ತು. ಯಾರಿಗೆ ಮೊದಲು ಕೊಡಬೇಕು ಅಂತ ವೈದ್ಯರು ಯೋಚಿಸಬೇಕಾಗಿ ಬಂತು. ಕಸದ ಚೀಲಕ್ಕೂ ರೋಗಿಯ ಹಾಸಿಗೆಗೂ ನಡುವೆ ಎಷ್ಟು ಕಡಿಮೆ ದೂರ ಇದೆ ನೋಡಿ.

ಔಷಧ ಉದ್ಯಮದಿಂದ ಕಲಿಯಬೇಕಾದ ಒಂದು ಪದ್ಧತಿಯೂ ಇದೆ. ಎಫ್‌ಡಿಎ 2018ರ ಮಾರ್ಗಸೂಚಿಯಲ್ಲಿ ಖಾಲಿ ಫಾರಂಗಳ ಬಗ್ಗೆ ಮಾತಾಡುತ್ತದೆ. ಖಾಲಿ ಫಾರಂ ಕೂಡ ನಂಬರ್ ಹಾಕಿಯೇ ಕೊಡಬಹುದು, ಕೆಲಸ ಮುಗಿದ ಮೇಲೆ ಕೊಟ್ಟದ್ದೆಲ್ಲ ವಾಪಸ್ ಬಂತಾ ಅಂತ ಲೆಕ್ಕ ಹೊಂದಿಸಬಹುದು ಅಂತ. ಖಾಲಿ ಫಾರಂ ಸುಲಭವಾಗಿ ಸಿಕ್ಕರೆ ಕೆಟ್ಟ ರೀಡಿಂಗ್ ಬಂದ ಹಾಳೆ ಹರಿದು ಹೊಸದು ಬರೆಯುವುದು ಸುಲಭ. ಮಷಿನ್ ಶಾಪ್‌ಗಳಲ್ಲಿ ಇನ್‌ಸ್ಪೆಕ್ಷನ್ ಫಾರಂಗಳ ಜೆರಾಕ್ಸ್ ಕಟ್ಟು ಯಾರ ಕೈಗೆ ಬೇಕಾದರೂ ಸಿಗುತ್ತದೆ. ಇದನ್ನು ಇಷ್ಟು ವರ್ಷ ಯಾರೂ ತಪ್ಪು ಅಂದುಕೊಂಡೇ ಇಲ್ಲ.

ಬೀರು ಬಾಗಿಲಿಗೆ ವಾಪಸ್ ಬರುತ್ತೇನೆ. ನಲವತ್ತು ಬ್ರಾಕೆಟ್ ಹೋದ ಮರುದಿನ ಆ ಹಾಳೆ ತೆಗೆಯಲು ಹೋದೆ. ಟೇಪ್ ಕಿತ್ತುಕೊಂಡು ಬರುತ್ತಿರಲಿಲ್ಲ, ಬ್ಲೇಡಿನಿಂದ ಬಿಡಿಸಬೇಕಾಯಿತು. ಆಪರೇಟರ್ ಪಕ್ಕದಲ್ಲೇ ನಿಂತಿದ್ದರು. ಬೇಡ ಅನ್ನಲಿಲ್ಲ.

'ತಗೊಂಡ್ ಹೋಗಿ ಸಾರ್. ಆದ್ರೆ ಇದರಲ್ಲಿ ಬರೆದಿರೋದು?' ಅಂದರು.

ಆಗಲೇ ನಾನು ಆ ಪೆನ್ಸಿಲ್ ಬರಹವನ್ನು ಸರಿಯಾಗಿ ಓದಿದ್ದು. 'ಇಲ್ಲಿ ಜಾಸ್ತಿ ಬಿಗಿ ಮಾಡಬೇಡಿ, ಬಗ್ಗುತ್ತದೆ.' ಇನ್ನೊಂದು ಕಡೆ, 'ಕೊನೇ ಕಟ್ ಅರ್ಧ ಎಂಎಂ ಮಾತ್ರ.' ಒಂದು ಮೂಲೆಯಲ್ಲಿ ಬಾಣ ಹಾಕಿ, 'ಮೊದಲು ಈ ಬದಿ, ಆಮೇಲೆ ಆ ಬದಿ. ಉಲ್ಟಾ ಮಾಡಿದ್ರೆ ಬರ್ ಒಳಗೆ ಹೋಗುತ್ತೆ.' ಬರ್ ಅಂದರೆ ಕಟ್ ಮಾಡಿದಾಗ ಅಂಚಿಗೆ ಉಳಿಯುವ ಲೋಹದ ಮುಳ್ಳು. ನಮ್ಮ ಪ್ರೋಸೆಸ್ ಶೀಟ್‌ನಲ್ಲಿ ಇದ್ಯಾವುದೂ ಇರಲಿಲ್ಲ. ಮೂರು ವರ್ಷ ಆ ಭಾಗ ಚೆನ್ನಾಗಿ ಬಂದದ್ದು ಈ ಸಾಲುಗಳಿಂದ. ಅವರು ಆ ಹಾಳೆ ಬಿಡದೆ ಇಟ್ಟುಕೊಂಡದ್ದಕ್ಕೆ ಇನ್ನೊಂದು ಕಾರಣ ಇದೇ ಆಗಿತ್ತು. ಹೊಸ ಪ್ರಿಂಟ್ ಬಂದರೆ ಎಲ್ಲಾ ಮತ್ತೆ ಮೊದಲಿಂದ ಬರೆಯಬೇಕಿತ್ತು.

ನಿಯಮದ ಪುಸ್ತಕ ನಿಯಂತ್ರಿತ ಪ್ರತಿಯ ಮೇಲೆ ಕೈಬರಹ ಇರಬಾರದು ಅನ್ನುತ್ತದೆ. ಸರಿಯೇ, ಅಳತೆ ತಿದ್ದಬಾರದು. ಆದರೆ ಕೈಕೆಲಸದ ಸೂಚನೆ ಎಲ್ಲಿ ಬರೆಯಬೇಕು ಅಂತ ನಾವು ಅವರಿಗೆ ಜಾಗವನ್ನೇ ಕೊಟ್ಟಿರಲಿಲ್ಲ. ಆ ಮಧ್ಯಾಹ್ನ ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಒಂದೊಂದು ಸಾಲನ್ನೂ ಸೆಟ್ಟಿಂಗ್ ಶೀಟಿಗೆ, ಅಂದರೆ ಮಷಿನ್ ಹೊಂದಿಸುವ ವಿವರದ ಹಾಳೆಗೆ, ಇಳಿಸಿದೆವು. ಹನ್ನೊಂದು ಸೂಚನೆ ಆಯಿತು. ಅದರಲ್ಲಿ ಎರಡು ರಿವಿಷನ್ ಡಿಗೆ ಹೊಂದುವುದಿಲ್ಲ ಅಂತ ಅವರೇ ಹೇಳಿದರು, ಬಿಟ್ಟೆವು. ಉಳಿದ ಒಂಬತ್ತನ್ನು ಟೈಪ್ ಮಾಡಿಸಿ, ಬರೆದವರು ಅನ್ನುವ ಕಡೆ ಅವರ ಹೆಸರು ಹಾಕಿ, ಸಹಿ ಮಾಡಿಸಿದೆವು. ಈಗ ಸೆಟ್ಟಿಂಗ್ ಶೀಟಿನ ಕೊನೆಗೆ ಅರ್ಧ ಪುಟ ಖಾಲಿ ಬಿಡುತ್ತೇವೆ. ಲಾಟ್ ಮುಗಿದು ಪ್ರಿಂಟ್ ವಾಪಸ್ ಬಂದಾಗ, ಷ್ರೆಡರ್‌ಗೆ ಹಾಕುವ ಮೊದಲು, ಅದರ ಎರಡೂ ಬದಿ ಒಬ್ಬರು ಓದುತ್ತಾರೆ.